ಬಿಸಿಲಿಗೆ ಹಾರುವ ಚೆಂಡು, ನೆಟ್ ಮೇಲಿನ ಒಂದು ಗೇಣು

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಬೆಳಗಾವಿಯಲ್ಲಿ ಮಣ್ಣಿನ ಕೋರ್ಟಿನಲ್ಲಿ ಟೆನಿಸ್ ಕಲಿತವಳು. ನನಗೆ ವಿಜಯಪುರಕ್ಕೆ ವರ್ಗವಾದ್ದರಿಂದ ಏಪ್ರಿಲ್‌ನಿಂದ ಇಲ್ಲಿಯ ಸಿಮೆಂಟ್ ಕೋರ್ಟಿನಲ್ಲಿ ಆಡುತ್ತಿದ್ದಾಳೆ. ಅಲ್ಲಿ ಗೆರೆಯೊಳಗೆ ಬೀಳುತ್ತಿದ್ದ ಫೋರ್‌ಹ್ಯಾಂಡ್ ಇಲ್ಲಿ ಬೇಸ್‌ಲೈನ್ (ಕೋರ್ಟಿನ ಹಿಂದಿನ ಗೆರೆ) ದಾಟಿ ಎರಡು-ಮೂರು ಅಡಿ ಆಚೆ ಬೀಳುತ್ತಿದೆ. ಎದುರಾಳಿಯ ಚೆಂಡು ಬೇಗ ಬಂದುಬಿಡುತ್ತದೆ ಎಂದೂ ಹೇಳುತ್ತಾಳೆ. ಕೋಚ್ “ಬಿಸಿಲಿಗೆ ಚೆಂಡು ಹಾರ್ತದರಿ” ಅಂತಾರೆ. ಆದರೆ ಬೆಳಗಾವಿ ಇನ್ನೂ ಎತ್ತರದ ಊರು, ಗಾಳಿ ತೆಳು. ಹಾರುವುದಾದರೆ ಅಲ್ಲೇ ಹೆಚ್ಚು ಹಾರಬೇಕಿತ್ತಲ್ಲವೇ? ಗಟ್ಟಿಂಗ್ (ರ‍್ಯಾಕೆಟ್ಟಿನ ತಂತಿ) ಬಿಗಿ ಮಾಡಿಸಬೇಕೋ ಸಡಿಲ ಮಾಡಿಸಬೇಕೋ? ಎತ್ತರದ ಊರುಗಳಿಗೆಂದೇ ಬೇರೆ ಚೆಂಡು ಬರುತ್ತವಂತೆ, ತರಿಸಲೇ? ಅಂಗಡಿಯವರು ದೊಡ್ಡ ತಲೆಯ ರ‍್ಯಾಕೆಟ್ ಕೊಳ್ಳಿ ಎನ್ನುತ್ತಿದ್ದಾರೆ.

ಉತ್ತರ: ಕೋಚ್ ಹೇಳಿದ್ದು ಸರಿ. ನಿಮ್ಮ ಅನುಮಾನವೂ ಸರಿಯಾದದ್ದೇ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ತೆಳು ಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ವಿಜಯಪುರ ಸುಮಾರು 600 ಮೀಟರ್. ಎರಡೂ ಊರಲ್ಲಿ ಒಂದೇ ಉಷ್ಣಾಂಶ ಇದ್ದರೆ ಬೆಳಗಾವಿಯ ಗಾಳಿಯೇ ತೆಳು. ಆದರೆ ಆ ವ್ಯತ್ಯಾಸ ಶೇ. 2ರಷ್ಟೂ ಇಲ್ಲ. 150 ಮೀಟರ್ ಎತ್ತರಕ್ಕೆ ಅಷ್ಟೇ ಬೆಲೆ.

ಉಷ್ಣಾಂಶದ ಲೆಕ್ಕ ಹಾಗಲ್ಲ. ಬೆಳಗಾವಿಯಲ್ಲಿ ಚಳಿಗಾಲದ ಬೆಳಿಗ್ಗೆ 15 ಡಿಗ್ರಿ ಇದ್ದಾಗ ಒಂದು ಘನ ಮೀಟರ್ ಗಾಳಿ ಸುಮಾರು 1.12 ಕಿಲೋ ತೂಗುತ್ತದೆ. ವಿಜಯಪುರದ ಏಪ್ರಿಲ್-ಮೇ ಮಧ್ಯಾಹ್ನ 40 ಡಿಗ್ರಿ ಇದ್ದಾಗ ಅಷ್ಟೇ ಗಾಳಿ 1.05 ಕಿಲೋ ತೂಗುತ್ತದೆ. ತಗ್ಗಿನ ಊರಿನ ಗಾಳಿಯೇ ಶೇ. 6ರಷ್ಟು ತೆಳು! ಗಾಳಿಯ ಮಟ್ಟಿಗೆ ನಿಮ್ಮ ಮಗಳು ಕೆಳಗಿಳಿದು ಬಂದಿಲ್ಲ, ಬೆಟ್ಟ ಹತ್ತಿದ್ದಾಳೆ. ನಾನಿರುವ ಬಾಗಲಕೋಟೆ ವಿಜಯಪುರಕ್ಕಿಂತಲೂ ತಗ್ಗಿನಲ್ಲಿದೆ, ಬೇಸಿಗೆಯಲ್ಲಿ ನಮ್ಮ ಕೋರ್ಟಿನಲ್ಲೂ ಇದೇ ಪಾಡು.

ಗಾಳಿ ಇಷ್ಟು ಮುಖ್ಯವೇ ಎಂದು ಕೇಳಬಹುದು. ಕ್ರಿಕೆಟ್ ಚೆಂಡಿಗಿಂತ ಟೆನಿಸ್ ಚೆಂಡಿಗೆ ಗಾಳಿಯ ಕಾಟ ಬಹಳ ಜಾಸ್ತಿ. ನಿಯಮದ ಪ್ರಕಾರ ಚೆಂಡಿನ ತೂಕ 56ರಿಂದ 59.4 ಗ್ರಾಂ, ವ್ಯಾಸ 6.54ರಿಂದ 6.86 ಸೆಂ.ಮೀ. ಗಾತ್ರಕ್ಕೆ ಹೋಲಿಸಿದರೆ ತೀರಾ ಹಗುರ, ಮೇಲೆ ಉಣ್ಣೆ-ನೈಲಾನಿನ ಜುಂಗು ಬೇರೆ. ಗಂಟೆಗೆ 95 ಕಿ.ಮೀ. ವೇಗದ ಫೋರ್‌ಹ್ಯಾಂಡ್‌ಗೆ ಗಾಳಿ ಒಡ್ಡುವ ತಡೆ ಚೆಂಡಿನ ತೂಕಕ್ಕಿಂತಲೂ ಹೆಚ್ಚು. ಗಂಟೆಗೆ 160 ಕಿ.ಮೀ. ಸರ್ವ್‌ಗಾದರೆ ತೂಕದ ಮೂರು ಪಟ್ಟನ್ನೂ ಮೀರುತ್ತದೆ. ಭೂಮಿ ಚೆಂಡನ್ನು ಕೆಳಕ್ಕೆ ಎಳೆಯುವುದಕ್ಕಿಂತ ಜೋರಾಗಿ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಕೋರ್ಟಿನ ಉದ್ದ 23.77 ಮೀಟರ್. ಅಷ್ಟು ದಾಟುವಷ್ಟರಲ್ಲಿ ಚೆಂಡು ಸುಮಾರು ಮೂರನೇ ಒಂದು ಪಾಲು ವೇಗ ಕಳೆದುಕೊಂಡಿರುತ್ತದೆ. ಶಾಲೆಯ ಪುಸ್ತಕದಲ್ಲಿ ಬಿಡಿಸುವ ಚೊಕ್ಕ ಪ್ಯಾರಾಬೋಲ ಟೆನಿಸ್ ಕೋರ್ಟಿನಲ್ಲಿ ಎಲ್ಲೂ ಕಾಣಸಿಗದು.

ಇನ್ನು ಸ್ಪಿನ್, ಅಂದರೆ ಚೆಂಡಿನ ಸುತ್ತು. ಟಾಪ್‌ಸ್ಪಿನ್ ಕೊಟ್ಟಾಗ ಚೆಂಡಿನ ಮೇಲ್ಭಾಗ ಮುಂದಕ್ಕೆ ಉರುಳುತ್ತಾ ಎದುರು ಬರುವ ಗಾಳಿಗೆ ಅಡ್ಡ ಹೋಗುತ್ತದೆ, ಕೆಳಭಾಗ ಗಾಳಿಯ ಜೊತೆಗೇ ಸಾಗುತ್ತದೆ. ಜುಂಗು ಗಾಳಿಯನ್ನು ಹಿಡಿದುಕೊಂಡು ತನ್ನ ಜೊತೆ ಸುತ್ತಿಸುವುದರಿಂದ ಚೆಂಡಿನ ಹಿಂದೆ ಉಳಿಯುವ ಗಾಳಿಯ ಸುಳಿ ಮೇಲ್ಮುಖವಾಗಿ ಹೊರಳುತ್ತದೆ. ಗಾಳಿಯನ್ನು ಮೇಲಕ್ಕೆ ತಳ್ಳಿದ ಚೆಂಡು ತಾನು ಕೆಳಕ್ಕೆ ತಳ್ಳಿಸಿಕೊಳ್ಳುತ್ತದೆ. ನಿಮಿಷಕ್ಕೆ 2000 ಸುತ್ತು ಇದ್ದರೆ ಈ ಬಲ ಗುರುತ್ವದ ಮೂರನೇ ಒಂದರಷ್ಟು ಆಗುತ್ತದೆ. ಗಾಳಿ ತೆಳುವಾದರೆ ಇದೂ ಕುಗ್ಗುತ್ತದೆ. ಅಂದರೆ ಏಪ್ರಿಲ್ ಬಿಸಿಲಿನಲ್ಲಿ ಚೆಂಡನ್ನು ತಡೆಯುವ ಗಾಳಿಯೂ ಕಡಿಮೆ, ಕೆಳಗೆ ಅದುಮುವ ಗಾಳಿಯೂ ಕಡಿಮೆ.

ಸುತ್ತುವ ಚೆಂಡು ಹೀಗೆ ಬಾಗುವುದನ್ನು ಮೊದಲು ಗಮನಿಸಿದವರಲ್ಲಿ ನ್ಯೂಟನ್ ಒಬ್ಬರು. ಬೆಳಕಿನ ಬಣ್ಣಗಳ ಬಗ್ಗೆ 1672ರಲ್ಲಿ ಬರೆದ ಪತ್ರದಲ್ಲಿ, ಓರೆ ಹಿಡಿದ ರ‍್ಯಾಕೆಟ್‌ನಿಂದ ಹೊಡೆದ ಟೆನಿಸ್ ಚೆಂಡು ಬಾಗಿ ಹೋಗುವುದನ್ನು ತಾವು ನೋಡಿದ್ದಾಗಿ ಹೇಳಿದ್ದಾರೆ. ಆಗಿನದು ಗೋಡೆಗಳ ನಡುವೆ ಆಡುತ್ತಿದ್ದ ಹಳೆಯ ಟೆನಿಸ್. ಮುಂದೆ 1852ರಲ್ಲಿ ಜರ್ಮನಿಯ ವಿಜ್ಞಾನಿ ಮ್ಯಾಗ್ನಸ್ ಇದನ್ನು ಪ್ರಯೋಗದಿಂದ ತೋರಿಸಿದ್ದರಿಂದ ಆ ಪರಿಣಾಮಕ್ಕೆ ಅವರ ಹೆಸರೇ ನಿಂತಿತು. ಮೊದಲ ವಿಂಬಲ್ಡನ್ ನಡೆದ 1877ರಲ್ಲೇ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀ ಟೆನಿಸ್ ಚೆಂಡಿನ ಅಡ್ಡಾದಿಡ್ಡಿ ಹಾರಾಟದ ಮೇಲೆ ಪ್ರಬಂಧ ಬರೆದರು. ನನ್ನ ಕೇಳಿದರೆ ಹೆಸರು ಸಲ್ಲಬೇಕಾದದ್ದು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್‌ಗೆ. ನಿಮ್ಮೂರಿನ ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ಲ, ಅಂಥ ಉರುಟು ಗುಂಡು ಹಾರಿಸುವ ಬಂದೂಕು-ತೋಪುಗಳ ಗುಂಡು ಯಾಕೆ ದಾರಿ ತಪ್ಪುತ್ತದೆ ಎಂದು ಅವರು ಮ್ಯಾಗ್ನಸ್‌ಗಿಂತ ನೂರು ವರ್ಷ ಮೊದಲೇ ಪರೀಕ್ಷಿಸಿ, ಗುಂಡಿನ ಸುತ್ತುವಿಕೆಯೇ ಕಾರಣ ಎಂದಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು.

ಇರಲಿ, ನಿಮ್ಮ ಮಗಳ ಚೆಂಡಿಗೆ ಬರೋಣ. ಬೇಸ್‌ಲೈನ್‌ನಿಂದ, ಸೊಂಟದೆತ್ತರದಲ್ಲಿ, ಗಂಟೆಗೆ 95 ಕಿ.ಮೀ. ವೇಗದಲ್ಲಿ, ನಿಮಿಷಕ್ಕೆ 2000 ಸುತ್ತಿನ ಟಾಪ್‌ಸ್ಪಿನ್ ಕೊಟ್ಟು ಹೊಡೆದಳು ಎಂದುಕೊಂಡು ಲೆಕ್ಕ ಹಾಕಿದೆ. ಬೆಳಗಾವಿಯ ಚಳಿಯಲ್ಲಿ ಸರಿಯಾಗಿ ಬೇಸ್‌ಲೈನ್ ಹತ್ತಿರ ಬೀಳುವ ಆ ಹೊಡೆತ, ಗಾಳಿಯ ಶೇ. 6 ವ್ಯತ್ಯಾಸವೊಂದರಿಂದಲೇ ವಿಜಯಪುರದಲ್ಲಿ ಸುಮಾರು ಅರ್ಧ ಮೀಟರ್ ಮುಂದೆ ಬೀಳುತ್ತದೆ. ನೀವು ಹೇಳಿದ ಎರಡು-ಮೂರು ಅಡಿಗೆ ಇದು ಸಾಲದು. ಉಳಿದದ್ದು ಚೆಂಡಿನ ಒಳಗಿದೆ.

ಟೆನಿಸ್ ಚೆಂಡಿನೊಳಗೆ ಹೊರಗಿನ ಗಾಳಿಗಿಂತ ಹೆಚ್ಚು ಒತ್ತಡದ ಗಾಳಿ ತುಂಬಿರುತ್ತಾರೆ. ಹೊಸ ಡಬ್ಬಿ ತೆರೆದಾಗ ಬುಸ್ ಎನ್ನುವುದು ಡಬ್ಬಿಯ ಒತ್ತಡ, ಚೆಂಡಿನ ಗಾಳಿ ಸೋರದಿರಲೆಂದು ಹಾಗೆ ಮಾಡಿರುತ್ತಾರೆ. ಹೊರಗಿಗಿಂತ ಒಳಗೆ ಎಷ್ಟು ಹೆಚ್ಚು ಒತ್ತಡ ಇದೆ ಎನ್ನುವುದರ ಮೇಲೆ ಚೆಂಡಿನ ಬಿಗಿ ನಿಂತಿದೆ. ಕಾರ್ಖಾನೆಯಲ್ಲಿ ಆ ಹೆಚ್ಚುವರಿ ಒತ್ತಡ ಹತ್ತಿರ ಹತ್ತಿರ 12 ಪಿಎಸ್‌ಐ (ಚದರ ಇಂಚಿಗೆ 12 ಪೌಂಡ್) ಇರುತ್ತದೆ. ಅದೇ ಚೆಂಡು 15 ಡಿಗ್ರಿಯ ಬೆಳಗಾವಿಯಿಂದ 40 ಡಿಗ್ರಿಯ ವಿಜಯಪುರಕ್ಕೆ ಬಂದರೆ ಹೆಚ್ಚುವರಿ ಒತ್ತಡ ಸುಮಾರು ಶೇ. 15 ಏರುತ್ತದೆ. ನಿಮ್ಮ ಜಿಲ್ಲೆಯಲ್ಲಿ ಸೈಕಲ್ ರೇಸಿನ ಹುಡುಗರಿಗೆ ಬರವಿಲ್ಲ, ಅವರನ್ನು ಕೇಳಿ ನೋಡಿ: ಬೆಳಿಗ್ಗೆ ತುಂಬಿಸಿದ ಟೈರು ಮಧ್ಯಾಹ್ನ ಬಿಸಿಲಲ್ಲಿ ನಿಂತರೆ ಕಲ್ಲಿನಂತಾಗುತ್ತದೆ, ಇದೂ ಹಾಗೆಯೇ. ಜೊತೆಗೆ ರಬ್ಬರು ಬಿಸಿಯಾದಷ್ಟೂ ಅಮುಕಿದಾಗ ಶಾಖವಾಗಿ ಪೋಲಾಗುವ ಶಕ್ತಿ ಕಡಿಮೆ. ಒತ್ತಡ, ರಬ್ಬರು ಎರಡೂ ಸೇರಿ ಚೆಂಡು ಚುರುಕಾಗುತ್ತದೆ. ಬಿಸಿಲಿಗೆ ಇಟ್ಟ ಚೆಂಡು 40 ಡಿಗ್ರಿಗೇ ನಿಲ್ಲುವುದಿಲ್ಲ ಎನ್ನುವುದೂ ನೆನಪಿರಲಿ. ವಿಂಬಲ್ಡನ್‌ನಲ್ಲಿ ಚೆಂಡುಗಳನ್ನು 20 ಡಿಗ್ರಿಯಲ್ಲೇ ಕಾಪಿಡುವುದು ಸುಮ್ಮನೆ ಅಲ್ಲ.

ಇದು ಹೊಡೆತಕ್ಕೆ ಹೇಗೆ ಬರುತ್ತದೆ? ಚೆಂಡು ತಂತಿಯ ಮೇಲೆ ಇರುವುದು ಸೆಕೆಂಡಿನ ಸಾವಿರದ ನಾಲ್ಕೈದು ಭಾಗ ಮಾತ್ರ. ಅಷ್ಟರಲ್ಲಿ ಅದು ಚಪ್ಪಟೆಯಾಗಿ ಮತ್ತೆ ಉಬ್ಬಬೇಕು. ತಂತಿಗಳು ತಾವು ಪಡೆದ ಶಕ್ತಿಯ ಹೆಚ್ಚುಪಾಲನ್ನು ಮರಳಿಸುತ್ತವೆ, ಪೋಲು ಮಾಡುವುದು ಚೆಂಡು. ಕಾಂಕ್ರೀಟಿನ ಮೇಲೆ 254 ಸೆಂ.ಮೀ. ಎತ್ತರದಿಂದ ಬಿಟ್ಟ ಹೊಸ ಚೆಂಡು 135ರಿಂದ 147 ಸೆಂ.ಮೀ. ಪುಟಿಯಬೇಕು ಎನ್ನುವುದು ನಿಯಮ. ಅಂದರೆ ಒಳ್ಳೆಯ ಚೆಂಡೇ ಅರ್ಧದ ಹತ್ತಿರ ಹತ್ತಿರ ಶಕ್ತಿ ಕಳೆಯುತ್ತದೆ. ಬಿದ್ದ ವೇಗಕ್ಕೂ ಎದ್ದ ವೇಗಕ್ಕೂ ಇರುವ ಅನುಪಾತ 0.73ರಿಂದ 0.76 ಆಗುತ್ತದೆ. ಬಿಸಿಗೆ ಆ ಅನುಪಾತ 0.02 ಏರಿದರೂ ಸಾಕು, ಅದೇ ತೋಳು ಅದೇ ಬೀಸಿನಲ್ಲಿ ಹೊಡೆದ ಚೆಂಡು ಶೇ. ಒಂದೂವರೆಯಷ್ಟು ವೇಗವಾಗಿ ಹೊರಡುತ್ತದೆ. ನೆಲ ಮುಟ್ಟುವ ಜಾಗ ಇನ್ನೊಂದು ಅರ್ಧ ಮೀಟರ್ ಮುಂದಕ್ಕೆ ಹೋಗುತ್ತದೆ. ಗಾಳಿಯದ್ದು ಅರ್ಧ, ಚೆಂಡಿನದ್ದು ಅರ್ಧ, ನಿಮ್ಮ ಎರಡು-ಮೂರು ಅಡಿಯ ಲೆಕ್ಕ ಸರಿಹೋಯಿತು.

ಸರಿಪಡಿಸುವುದು ಹೇಗೆ? ನೀವು ಕೇಳಿದ ಮೂರೂ ಉಪಾಯಗಳು (ಗಟ್ಟಿಂಗ್, ಚೆಂಡು, ರ‍್ಯಾಕೆಟ್) ದುಡ್ಡು ಖರ್ಚು ಮಾಡುವಂಥವು. ಖರ್ಚಿಲ್ಲದ್ದು ಮೊದಲು ಹೇಳುತ್ತೇನೆ. ಮೇಲಿನ ಲೆಕ್ಕದ ಹೊಡೆತದಲ್ಲಿ ಚೆಂಡು ರ‍್ಯಾಕೆಟ್ ಬಿಡುವ ಕೋನ ಒಂದೇ ಒಂದು ಡಿಗ್ರಿ ತಗ್ಗಿದರೆ ಅದು ಸುಮಾರು ಒಂದು ಮೀಟರ್ ಈಚೆ ಬೀಳುತ್ತದೆ. ಹದಿನಾಲ್ಕರ ಹುಡುಗಿಗೆ “ಒಂದು ಡಿಗ್ರಿ ತಗ್ಗಿಸು” ಅಂದರೆ ಆಗುವ ಮಾತಲ್ಲ. ಆದರೆ ನೆಟ್ ಇರುವುದು ಹನ್ನೆರಡು ಮೀಟರ್ ದೂರದಲ್ಲಿ, ಅಲ್ಲಿಗೆ ಆ ಒಂದು ಡಿಗ್ರಿ ಸುಮಾರು 20 ಸೆಂ.ಮೀ. ಆಗುತ್ತದೆ. ಒಂದು ಗೇಣು! ನೆಟ್ ಮಧ್ಯದಲ್ಲಿ 91.4 ಸೆಂ.ಮೀ. ಎತ್ತರ ಇರುತ್ತದೆ, ಅವಳ ಟಾಪ್‌ಸ್ಪಿನ್ ಹೊಡೆತ ಅದರ ಮೇಲೆ ಒಂದೂವರೆ ಮೀಟರ್ ಎತ್ತರದಲ್ಲಿ ದಾಟುತ್ತಿರಬೇಕು. ಒಂದು ಗೇಣು ಇಳಿಸಿದರೆ ನೆಟ್‌ಗೆ ಬಡಿಯುವ ಭಯವೇನೂ ಇಲ್ಲ. “ಬೆಳಗಾವ್ಯಾಗ ಎಲ್ಲಿ ದಾಟಸ್ತಿದ್ದಿ, ಅದಕ್ಕಿಂತ ಒಂದು ಗೇಣು ಕೆಳಗ ದಾಟಸು” ಎಂದು ಹೇಳಿ. ಎರಡು ಕಂಬಕ್ಕೆ ದಾರ ಕಟ್ಟಿ ಗುರುತು ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.

ಎರಡನೆಯ ದಾರಿ ಸ್ಪಿನ್ ಹೆಚ್ಚಿಸುವುದು. ಸುತ್ತು 2000ದಿಂದ 2500ಕ್ಕೆ ಏರಿದರೆ ಅದೇ ವೇಗದ ಚೆಂಡು ಅರ್ಧ ಮೀಟರಿಗಿಂತ ತುಸು ಹೆಚ್ಚು ಈಚೆ ಬೀಳುತ್ತದೆ. ಇದು ಕಷ್ಟದ ದಾರಿ, ತಿಂಗಳುಗಟ್ಟಲೆ ಅಭ್ಯಾಸ ಬೇಕು. ಆದರೆ ದೊಡ್ಡವಳಾದ ಮೇಲೆ ಜೋರಾಗಿ ಹೊಡೆಯಬೇಕೆಂದರೆ ಇದನ್ನು ಬಿಟ್ಟು ಬೇರೆ ಗತಿಯಿಲ್ಲ. ಕೈ ಹಿಂಜರಿದು ಮೆಲ್ಲಗೆ ಹೊಡೆಯುವ ಚಾಳಿ ಮಾತ್ರ ಹತ್ತಗೊಡಬೇಡಿ. ಚೆಂಡು ಹೊರಗೆ ಬೀಳುತ್ತದೆಂದು ಬೀಸು ಕಡಿಮೆ ಮಾಡಿದರೆ ಸ್ಪಿನ್ ಕೂಡ ಕಡಿಮೆಯಾಗಿ ಚೆಂಡು ತೇಲತೊಡಗುತ್ತದೆ. ಬೇಸಿಗೆಯಲ್ಲಿ ಮಕ್ಕಳ ಆಟ ಕೆಡುವುದು ಹೆಚ್ಚಾಗಿ ಇಲ್ಲಿಂದಲೇ.

ಗಟ್ಟಿಂಗ್ ವಿಷಯದಲ್ಲಿ ಕ್ಲಬ್ಬುಗಳಲ್ಲಿ ಓಡಾಡುವ ನಂಬಿಕೆ ಉಲ್ಟಾ ಇದೆ. ಬಿಗಿ ತಂತಿ ಜೋರಾಗಿ ಹೊಡೆಯುತ್ತದೆ ಎನ್ನುತ್ತಾರೆ. ನಿಜದಲ್ಲಿ ಸಡಿಲ ತಂತಿ ಹೆಚ್ಚು ಬಗ್ಗುತ್ತದೆ, ಚೆಂಡು ಕಡಿಮೆ ಚಪ್ಪಟೆಯಾಗುತ್ತದೆ, ಪೋಲು ಮಾಡುವ ಚೆಂಡಿಗೆ ಕಡಿಮೆ ಕೆಲಸ ಬಿದ್ದು ವೇಗ ಹೆಚ್ಚುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಬಿಗಿ ಮಾಡಿಸಿ, ಆದರೆ ಎರಡು ಪೌಂಡಿಗಿಂತ ಹೆಚ್ಚು ಬೇಡ. ಆ ಎರಡು ಪೌಂಡಿನಿಂದ ಚೆಂಡಿನ ವೇಗದಲ್ಲಾಗುವ ಬದಲಾವಣೆ ಬಹಳ ಅಲ್ಪ. ಮೊಣಕೈಗೆ ತಾಗುವ ಪೆಟ್ಟು ಮಾತ್ರ ಜೋರಾಗುತ್ತದೆ. ಪಾಲಿಯೆಸ್ಟರ್ ತಂತಿ ಹಾಕಿಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಜಾರಿ ಮತ್ತೆ ಜಾಗಕ್ಕೆ ಚಿಮ್ಮುವಾಗ ಚೆಂಡಿಗೆ ಹೆಚ್ಚು ಸುತ್ತು ಕೊಡುತ್ತದೆ ಎನ್ನುವುದು ನಿಜವೇ. ತಂತಿ ಜಾರುವುದರಲ್ಲಿ ಎಷ್ಟು ಬಲವಿದೆ ಎಂದರೆ, 1977ರಲ್ಲಿ ರುಮೇನಿಯಾದ ಆಟಗಾರ ನಸ್ಟಾಸೆ ಎರಡು ಪದರ ತಂತಿಯ ‘ಸ್ಪಗೆಟಿ’ ರ‍್ಯಾಕೆಟ್ ಹಿಡಿದು ಬಂದು, ಮಣ್ಣಿನ ಅಂಕಣದಲ್ಲಿ ಸತತ 53 ಪಂದ್ಯ ಗೆದ್ದಿದ್ದ ಅರ್ಜೆಂಟೀನಾದ ವಿಲಾಸ್‌ರ ಓಟ ನಿಲ್ಲಿಸಿದರು. ಬೇಸತ್ತ ವಿಲಾಸ್ ಪಂದ್ಯವನ್ನೇ ಅರ್ಧಕ್ಕೆ ಬಿಟ್ಟು ನಡೆದರು. ಅಂಥ ತಂತಿಯನ್ನು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ನಿಷೇಧಿಸಿತು. ಈಗಿನ ಪಾಲಿಯೆಸ್ಟರ್ ನಿಯಮದೊಳಗಿನದೇ, ಆದರೆ ಗಡಸು. ಬೆಳೆಯುವ ತೋಳಿಗೆ ನಾನು ಅದನ್ನು ಹೇಳುವುದಿಲ್ಲ. ಮತ್ತೊಂದು, ರ‍್ಯಾಕೆಟನ್ನು ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಆ ಶಾಖಕ್ಕೆ ತಂತಿ ಸಡಿಲಾಗಿಬಿಡುತ್ತದೆ, ದುಡ್ಡು ಕೊಟ್ಟು ಬಿಗಿ ಮಾಡಿಸಿದ್ದೆಲ್ಲ ವ್ಯರ್ಥ.

ಎತ್ತರದ ಊರಿನ ಚೆಂಡು ಬೇಡ. ಅದು 1219 ಮೀಟರಿಗಿಂತ ಮೇಲಿನ ಊರುಗಳಿಗೆ. ಬೆಂಗಳೂರಿಗೇ ಅದರ ಅಗತ್ಯವಿಲ್ಲ.

ಚೆಂಡು ಬೇಗ ಬರುತ್ತದೆ ಎಂಬ ದೂರಿನಲ್ಲಿ ಅರ್ಧ ನಿಜವಿದೆ, ಅದು ಯಾವ ಅರ್ಧ ಎನ್ನುವುದೇ ಮುಖ್ಯ. ಮಣ್ಣಿನ ನೆಲದಲ್ಲಿ ಘರ್ಷಣೆ ಹೆಚ್ಚು, ಬೀಳುವ ಚೆಂಡು ತನ್ನ ಮುಂದೆ ತುಸು ಮಣ್ಣನ್ನೂ ಗುಡ್ಡೆ ಮಾಡಿಕೊಂಡು ಅದಕ್ಕೇ ಎಡವಿ ಮೇಲೇಳುತ್ತದೆ. ಸಿಮೆಂಟಿನಲ್ಲಿ ಆ ಎಡವುವಿಕೆ ಇಲ್ಲ. ಆದರೆ ಟಾಪ್‌ಸ್ಪಿನ್ ಚೆಂಡು ಕಡಿದಾದ ಕೋನದಲ್ಲಿ ಬೀಳುವುದರಿಂದ ನೆಲವನ್ನು ಬಲವಾಗಿ ಒತ್ತುತ್ತದೆ, ಯಾವ ನೆಲವಾದರೂ ಜಾರುವುದು ಬೇಗ ನಿಂತು ಹಿಡಿತ ಸಿಕ್ಕಿಬಿಡುತ್ತದೆ. ಅಂಥ ಚೆಂಡಿಗೆ ಮಣ್ಣಿಗೂ ಸಿಮೆಂಟಿಗೂ ವೇಗದಲ್ಲಿ ದೊಡ್ಡ ವ್ಯತ್ಯಾಸ ಬಾರದು. ಫ್ಲ್ಯಾಟ್ (ಸ್ಪಿನ್ ಇಲ್ಲದ) ಹೊಡೆತ, ಸ್ಲೈಸ್ (ಹಿಮ್ಮುಖ ಸುತ್ತಿನ ಹೊಡೆತ), ಸರ್ವ್‌ಗಳು ಹಾಗಲ್ಲ. ಅವು ನೆಲಕ್ಕೆ ಓರೆಯಾಗಿ ಬಂದು, ನೆಲ ಮುಟ್ಟಿರುವಷ್ಟು ಹೊತ್ತೂ ಜಾರುತ್ತಲೇ ಹೋಗುತ್ತವೆ. ಅಲ್ಲಿ ಘರ್ಷಣೆ ಕಡಿಮೆಯಾದಷ್ಟೂ ಉಳಿಯುವ ವೇಗ ಹೆಚ್ಚು. ನಿಮ್ಮ ಮಗಳು ತಡವಾಗುತ್ತಿರುವುದು ಈ ಚೆಂಡುಗಳಿಗೆ ಇರಬೇಕು, ಒಂದು ದಿನ ಪಕ್ಕದಲ್ಲಿ ನಿಂತು ಗಮನಿಸಿ. ಅವಕ್ಕೆ ಮಾತ್ರ ರ‍್ಯಾಕೆಟ್ ಹಿಂದೆಳೆಯುವುದನ್ನು ಚಿಕ್ಕದು ಮಾಡಿದರೆ ಸಾಕು, ಇಡೀ ಆಟ ಬದಲಿಸಬೇಕಿಲ್ಲ.

ಟಾಪ್‌ಸ್ಪಿನ್ ಚೆಂಡು ನೆಲಕ್ಕೆ ಬಿದ್ದ ಮೇಲೆ ಇನ್ನಷ್ಟು ವೇಗ ಪಡೆಯುತ್ತದೆ ಎಂದು ನಮ್ಮ ಕಡೆ ಹೇಳುವುದಿದೆ. ಸೆಕೆಂಡಿಗೆ 18 ಮೀಟರ್ ವೇಗದಲ್ಲಿ ಬರುವ ಚೆಂಡಿಗೆ ನೆಲದ ತಡೆಯೇ ತಾಗಬಾರದು ಎಂದರೆ ಅದು ನಿಮಿಷಕ್ಕೆ 5000ಕ್ಕೂ ಹೆಚ್ಚು ಸುತ್ತಬೇಕು. 2000 ಸುತ್ತಿನ ಚೆಂಡು ವೇಗ ಕಳೆದುಕೊಳ್ಳುತ್ತದೆ, ಆದರೆ ಸ್ಪಿನ್ ಇಲ್ಲದ ಚೆಂಡಿಗಿಂತ ಕಡಿಮೆ ಕಳೆದುಕೊಳ್ಳುತ್ತದೆ. ಅದು ಹೆಗಲೆತ್ತರ ಏಳುವುದು ಮೇಲಿಂದ ಬಿದ್ದದ್ದರಿಂದ. ಬಿಸಿ ಚೆಂಡಾದರೆ ಇನ್ನೂ ನಾಲ್ಕು ಬೆರಳು ಮೇಲೆ.

ರ‍್ಯಾಕೆಟ್ ಬಗ್ಗೆ. ಹೋವರ್ಡ್ ಹೆಡ್ ಎನ್ನುವವರು 1976ರಲ್ಲಿ ಪ್ರಿನ್ಸ್ ಕಂಪನಿಯಿಂದ ದೊಡ್ಡ ತಲೆಯ ರ‍್ಯಾಕೆಟ್ ತಂದಾಗ ಜನ ನಕ್ಕರು, ಆಮೇಲೆ ಎಲ್ಲರೂ ಕೊಂಡರು. ಅದರ ಲಾಭ ಚೆಂಡು ನಡುವಿಗೆ ತಾಗದೆ ಪಕ್ಕಕ್ಕೆ ತಾಗಿದಾಗ. ಚೌಕಟ್ಟಿನ ತೂಕ ಅಕ್ಷದಿಂದ ದೂರ ಹೋದಷ್ಟೂ, ದೂರದ ವರ್ಗಕ್ಕೆ ತಕ್ಕಂತೆ, ರ‍್ಯಾಕೆಟ್ ಕೈಯಲ್ಲಿ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ. ಹೊಸದಾಗಿ ಕಲಿಯುವವರಿಗೆ, ನನ್ನಂಥ ವಯಸ್ಸಾದವರಿಗೆ ಅದು ವರ. ನಿಮ್ಮ ಮಗಳ ತೊಂದರೆ ನಡುವಿಗೆ ತಾಗುತ್ತಿಲ್ಲ ಎನ್ನುವುದಲ್ಲ, ನಡುವಿಗೆ ತಾಗಿದ ಚೆಂಡೇ ಆಚೆ ಹೋಗುತ್ತಿದೆ. ದೊಡ್ಡ ತಲೆಯಲ್ಲಿ ತಂತಿ ಉದ್ದವಾಗಿ ಇನ್ನಷ್ಟು ಬಗ್ಗುತ್ತದೆ, ಚೆಂಡು ಇನ್ನೂ ಆಚೆ ಹೋದೀತು. ಅಂಗಡಿಯವರಿಗೆ ನಮಸ್ಕಾರ ಹೇಳಿ ಬನ್ನಿ.

ಆ ದುಡ್ಡನ್ನು ಚೆಂಡಿಗೆ ಹಾಕಿ. ಡಬ್ಬಿ ತೆರೆದ ಮೇಲೆ ಚೆಂಡಿನ ಗಾಳಿ ರಬ್ಬರಿನ ಮೂಲಕ ಮೆಲ್ಲಗೆ ಸೋರುತ್ತಲೇ ಇರುತ್ತದೆ, ಆಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಜುಂಗು ಎದ್ದ ಚೆಂಡಿಗೆ ಗಾಳಿಯ ತಡೆ ಹೆಚ್ಚು, ಬೋಳಾದ ಚೆಂಡಿಗೆ ಕಡಿಮೆ. ಅಭ್ಯಾಸದ ಬುಟ್ಟಿಯಲ್ಲಿ ಮೂರೂ ಬಗೆಯವು ಬೆರೆತಿದ್ದರೆ ಹುಡುಗಿ ತನ್ನ ಕೈ ತಪ್ಪಿತೋ ಚೆಂಡು ತಪ್ಪಿತೋ ತಿಳಿಯದೆ ಒದ್ದಾಡುತ್ತಾಳೆ. ಗೋಡೆಯ ಮೇಲೆ 254 ಸೆಂ.ಮೀ. ಹಾಗೂ 135 ಸೆಂ.ಮೀ. ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಮೇಲಿನ ಗೆರೆಯಿಂದ ಚೆಂಡು ಬಿಟ್ಟು ನೋಡಿ. ಕೆಳಗಿನ ಗೆರೆ ಮುಟ್ಟದ್ದನ್ನು ಬೇರೆ ಇಡಿ. ಇದನ್ನು ಬೆಳಗಿನ ತಂಪಿನಲ್ಲೇ ಮಾಡಿ, ಮಧ್ಯಾಹ್ನ ಸತ್ತ ಚೆಂಡೂ ಪಾಸಾಗಿಬಿಡುತ್ತದೆ.

ಮಳೆಗಾಲದಲ್ಲಿ ಬೆಳಗಾವಿಗೆ ಆಡಲು ಹೋಗುವುದಿದ್ದರೆ ಇನ್ನೊಂದು ಮಾತು. ಜಿಟಿಜಿಟಿ ಮಳೆಯಲ್ಲಿ ಗಾಳಿ ಭಾರವಾಗಿ ಚೆಂಡು ಓಡುವುದಿಲ್ಲ ಎನ್ನುತ್ತಾರೆ. ನೀರಿನ ಆವಿ ಒಣ ಗಾಳಿಗಿಂತ ಹಗುರ, ತೇವದ ಗಾಳಿ ತುಸು ತೆಳುವೇ ಆಗಿರುತ್ತದೆ. ಭಾರವಾಗುವುದು ಚೆಂಡಿನ ಜುಂಗು. ಅದು ನೀರು ಹೀರಿ ಉಬ್ಬುತ್ತದೆ, ತಂಪಿಗೆ ಒಳಗಿನ ಒತ್ತಡವೂ ಇಳಿಯುತ್ತದೆ. ಆಗ ವಿಜಯಪುರದಲ್ಲಿ ಇಳಿಸಿದ ಗೇಣನ್ನು ನೆಟ್ ಮೇಲೆ ಮತ್ತೆ ಏರಿಸಬೇಕಾಗುತ್ತದೆ. ಆಡುವ ಚೆಂಡುಗಳನ್ನು ಒಣ ಚೀಲದಲ್ಲಿ ಇಟ್ಟುಕೊಂಡು, ಒದ್ದೆಯಾದ ಕೂಡಲೇ ಬದಲಿಸುತ್ತಿರಲಿ.